ಹೆಬ್ಬೆರಳು ಕಟ್ ಮಾಡಿದ ಫೋನ್

ಕಳೆದ ಮಂಗಳವಾರ ಸಂಜೆ ನಮ್ಮತ್ತೆ ಎದೆ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲಲ್ಲೇ ಕುಳಿತುಬಿಟ್ಟರು. ಗಾಬರಿಯಾಗಿ ಗಂಡನಿಗೆ ಫೋನ್ ಹಚ್ಚಿದೆ. ಅವರು ಕಟ್ ಮಾಡಿದರು.

ನನಗೆ ಎಷ್ಟು ಸಮಾಧಾನವಾಯಿತು ಗೊತ್ತೇ?

ಆಶ್ಚರ್ಯ ಬೇಡ. ನಮ್ಮ ಮನೆಯವರಿಗೆ ಸಂಡೂರಿನ ಗಣಿ ಆಫೀಸಿನಲ್ಲಿ ಕೆಲಸ. ದಿನವೂ ಸಂಜೆ ಹೊಸಪೇಟೆಯ ಮನೆಗೆ ಬಸ್ಸಿನಲ್ಲಿ ಬರುತ್ತಾರೆ. ಗುಡ್ಡದ ದಾರಿ, ನೆಟ್‌ವರ್ಕ್ ಒಂದು ತಿರುವಿಗೆ ಬಂದು ಇನ್ನೊಂದಕ್ಕೆ ಹೋಗುತ್ತದೆ. ಅದಕ್ಕೇ ನಮ್ಮಲ್ಲೊಂದು ಕಾಯಿದೆ: ಕಟ್ ಮಾಡಿದರೆ 'ಒಳ್ಳೆ ಸಿಗ್ನಲ್ ಸಿಕ್ಕ ಕೂಡಲೇ ನಾನೇ ಹಚ್ತೀನಿ' ಎಂದರ್ಥ. ಆಮೇಲೆ ಈ ಕಡೆಯವರು ಹಚ್ಚಬಾರದು. (ಇಬ್ಬರೂ ಒಟ್ಟಿಗೆ ಹಚ್ಚಿ, ಇಬ್ಬರಿಗೂ ಬಿಜಿ ಬಂದು, ಜಗಳವಾದ ಮೇಲೆ ಹುಟ್ಟಿದ ಕಾಯಿದೆ.)

ಹಾಗಾಗಿ ಕಾದೆ. ಅತ್ತೆಯ ಹಣೆ ತುಂಬ ಬೆವರು. ನಾಲಿಗೆ ಕೆಳಗಿಡುವ ಮಾತ್ರೆ ಡಬ್ಬಿಯಲ್ಲಿಲ್ಲ. ಹೊಸದು ತಂದು ಎಲ್ಲಿಟ್ಟಿದ್ದಾರೋ, ನಮ್ಮ ಮನೆಯವರಿಗೇ ಗೊತ್ತು. ಆಟೋದವನಿಗೆ ಹಚ್ಚಲೇ? ಅಷ್ಟರಲ್ಲಿ ಇವರ ಫೋನ್ ಬಂದರೆ? ಬಿಜಿ ಬಂದು, ಸಿಗ್ನಲ್ಲೂ ಹೋದರೆ? ಕೈಯಲ್ಲಿ ಫೋನ್ ಹಿಡಿದುಕೊಂಡು, ಯಾರಿಗೂ ಫೋನ್ ಮಾಡದೆ ನಿಂತಿದ್ದೆ. ಭಯ ಬಿದ್ದಾಗ ಬುದ್ಧಿ ಹೀಗೂ ಓಡುತ್ತದೆ.

ಕೊನೆಗೆ ಅತ್ತೆಯೇ ಉಸಿರೆಳೆಯುತ್ತಾ ಗದರಿದರು. "ಅದರ ಮಾರಿ ಏನ್ ನೋಡ್ತಿ? ಹೊರಗ ಹೋಗಿ ಆಟೋ ನಿಂದ್ರಸು, ಜಲ್ದಿ!"

ಆಸ್ಪತ್ರೆ ಸೇರಿದೆವು. "ಇನ್ನ ಸ್ವಲ್ಪ ತಡ ಆಗಿದ್ರ ಕಷ್ಟ ಇತ್ರಿ" ಎಂದರು ಡಾಕ್ಟರು. ಆ 'ಸ್ವಲ್ಪ' ಇನ್ನೂ ನನ್ನ ಕಿವಿಯಲ್ಲಿದೆ.

ಮನೆ ಮುಟ್ಟಿದ ಮೇಲೆ ಪಕ್ಕದ ಮನೆಯವರಿಂದ ಸುದ್ದಿ ತಿಳಿದು ಇವರು ಆಸ್ಪತ್ರೆಗೆ ಓಡಿ ಬಂದರು.

"ಕಟ್ ಮಾಡಿದ ಮ್ಯಾಲೆ ಯಾಕ್ರಿ ಹಚ್ಚಲಿಲ್ಲ?"

"ನಾನೆಲ್ಲಿ ಕಟ್ ಮಾಡೀನಿ?" ಎನ್ನುತ್ತಾ ಫೋನ್ ತೆಗೆದು ನೋಡಿದವರ ಮುಖ ಬಿಳಿಚಿಕೊಂಡಿತು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮವರಿಗೆ ಗೇಮ್ ಹುಚ್ಚು. ಆದರೆ ಕೀಬೋರ್ಡ್ ಮುಂದೆ ಮಾತ್ರ. ಕಂಪ್ಯೂಟರ್ ರಿಪೇರಿಗೆ ಹೋಗಿದ್ದರಿಂದ ವಾರದಿಂದ ಫೋನಿನಲ್ಲಿ ಆಡುತ್ತಿದ್ದರು, ದಿನವೂ ಗೊಣಗುತ್ತಿದ್ದರು. "ಇದು ಆಟ ಅಲ್ಲ ಬಿಡು, ಗಾಜು ತಿಕ್ಕೋದು. ಬಟನ್ ಕೈಗೆ ಹತ್ತಂಗಿಲ್ಲ. ನನ್ನ ಹೆಬ್ಬಟ್ಟೇ ನನಗ ಅಡ್ಡ. ನಡುವ ಜಾಹೀರಾತು ಬ್ಯಾರೆ!" ಆಟಕ್ಕೂ ಮಡಿ ಮೈಲಿಗೆಯೇ ಎಂದು ನಾನು ಕಾಡಿಸಿದ್ದೆ.

ಈಗ ಅವರು ತಲೆ ತಗ್ಗಿಸಿ ಹೇಳಿದರು: "ಸೌಂಡ್ ಬಂದ್ ಮಾಡಿ ಆಡಾಕತ್ತಿದ್ದೆ. ಮ್ಯಾಲೆ ಏನೋ ಬಂತು, ಜಾಹೀರಾತು ಅಂದ್ಕೊಂಡೆ. ಆಟದಾಗ ಮುಂದ ತಗ್ಗು ಇತ್ತು. ಜಿಗಿಯಾಕ ಅಂತ ಒತ್ತಿದೆ..." ಒತ್ತಿದ್ದು ನನ್ನ ಕರೆ ಕಟ್ ಮಾಡುವ ಕೆಂಪು ಬಟನ್ನು.

ಕೀಬೋರ್ಡಿಗೆ ಯಾರೂ ಫೋನ್ ಹಚ್ಚುವುದಿಲ್ಲ. ಅಲ್ಲಿ ಬೆರಳು ತಪ್ಪಿದರೆ ಸಾಯುವವನು ಆಟದೊಳಗಿನವನು. ಫೋನಿನಲ್ಲಿ? ಅದೇ ಗಾಜಿನ ಮೇಲೆ ತಗ್ಗು, ಅದೇ ಗಾಜಿನ ಮೇಲೆ ಹೆತ್ತ ತಾಯಿಯ ಸುದ್ದಿ.

ಅತ್ತೆ ಮನೆಗೆ ಬಂದಿದ್ದಾರೆ. ಫೋನಿನಿಂದ ಗೇಮ್ ತೆಗೆದುಹಾಕಿದ್ದೇನೆ ಎಂದು ಇವರು ಆಣೆ ಮಾಡುತ್ತಾರೆ. ಆದರೂ ಸಂಜೆ ಫೋನ್ ಕಟ್ ಆದರೆ ನನಗೊಂದೇ ಪ್ರಶ್ನೆ.

ತಿರುಗಿ ಹಚ್ಚುತ್ತಾರೋ, ಇಲ್ಲಾ ಜಿಗಿದರೋ?