ಕುಣಿಗಲ್ ಬಸ್ಸಿನ ಕಿಟಕಿ ಸೀಟಿನಲ್ಲಿ ಅಗಲಿದ ನನ್ನ ಫಿಸಿಕ್ಸ್ ರೆಕಾರ್ಡ್

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿನ್ನುವಾಗಲೂ ಕಂಕುಳಲ್ಲೇ ಇತ್ತು...
ಸಂಜೆಗೆ ಇಲ್ಲ ಅಂದರೆ ಹೇಗೆ ನಂಬುವುದು?

ಅವಸರದಲ್ಲಿ ಈ ಪೋಸ್ಟ್ ಬರೆಯುತ್ತಿದ್ದೇನೆ. ಟೈಪಿಂಗ್ ತಪ್ಪಿದ್ದರೆ ಕ್ಷಮಿಸಿ.

ಆತ್ಮೀಯರೇ,
ಎಂಜಿನಿಯರಿಂಗ್ ಮೊದಲ ಸೆಮಿಸ್ಟರಿನ ನನ್ನ ಫಿಸಿಕ್ಸ್ ಲ್ಯಾಬ್ ರೆಕಾರ್ಡ್ ಇಂದು ಸಂಜೆ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ನಮ್ಮೆಲ್ಲರನ್ನೂ...
ಅಂದರೆ, ನನ್ನೊಬ್ಬನನ್ನು ಅಗಲಿದೆ.

ಹತ್ತು ಎಕ್ಸ್‌ಪೆರಿಮೆಂಟ್...
ಹತ್ತಕ್ಕೂ ಮೇಡಂ ಸೈನ್...
ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಪ್ರಾಕ್ಟಿಕಲ್ ಎಕ್ಸಾಮ್.

ಫಿಸಿಕ್ಸ್ ಮೇಡಂ ಹೋದ ವಾರವೇ ಹೇಳಿದ್ದರು: "ರೆಕಾರ್ಡ್ ಇಲ್ದೆ ಬಂದವ್ರು ಲ್ಯಾಬ್ ಬಾಗಿಲಿಗೆ ಒಂದು ನಮಸ್ಕಾರ ಹಾಕಿ ಹಾಗೇ ವಾಪಸ್ ಹೋಗ್ಬೋದು. ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಸಿಗೋಣ."
ಅವರು ನಗಲಿಲ್ಲ.
ನಾನು ನಕ್ಕಿದ್ದೆ...

ನಡೆದದ್ದು ಇಷ್ಟು.
ಗುಬ್ಬಿ ಬೋರ್ಡಿನ ಬಸ್ಸು ಬಂತು. ಬಾಗಿಲಲ್ಲಿ ಜನವೋ ಜನ. ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಹೊರಗಿನಿಂದಲೇ ಕಿಟಕಿಯೊಳಗೆ ಕೈ ತೂರಿಸಿ ಸೀಟಿನ ಮೇಲೆ ಟವೆಲ್ ಹಾಕುವುದು...
ಟವೆಲ್ ಇರಲಿಲ್ಲ.
ರೆಕಾರ್ಡ್ ಹಾಕಿದೆ.

ಸೀಟು ಹಿಡಿದಾಯಿತಲ್ಲ ಅಂತ ನೆಮ್ಮದಿಯಾಗಿ ಕಬ್ಬಿನ ಹಾಲು ಕುಡಿಯಲು ಹೋದೆ. ಒಂದೇ ಲೋಟ...
ತಿರುಗಿ ಬಂದರೆ ಬಸ್ಸಿಲ್ಲ.
ಕಂಟ್ರೋಲರ್‌ನ ಕೇಳಿದೆ. "ಬೋರ್ಡ್ ಬದಲಾಯ್ಸಿ ಕುಣಿಗಲ್‌ಗೆ ಕಳಿಸಿದ್ವಲ್ಲಪ್ಪ. ಎಷ್ಟು ಸಲ ಕೂಗೋದು?"

ರೆಕಾರ್ಡೇ...
ಗುಬ್ಬಿಯವರೆಲ್ಲ ಗೊಣಗಿಕೊಂಡು ಇಳಿದರಂತೆ. ನಿನಗೆ ಕಿವಿ ಇಲ್ಲ, ನೀನು ಇಳಿಯಲಿಲ್ಲ.
ನಿನ್ನೊಳಗಿನ ಟಾರ್ಶನಲ್ ಪೆಂಡ್ಯುಲಮ್ ಅನ್ನು ಮೂರು ಸಲ ರಿಪೀಟ್ ಮಾಡಿದ್ದೆ ಕಣೋ... ಇಪ್ಪತ್ತು ಆಸಿಲೇಶನ್ ಎಣಿಸಬೇಕು, ಪ್ರತಿ ಸಲವೂ ಹದಿನೇಳಕ್ಕೆ ಲೆಕ್ಕ ತಪ್ಪುತ್ತಿತ್ತು.
ಸ್ಪ್ರಿಂಗಿನ ಗ್ರಾಫು ಮಾತ್ರ ಮೊದಲ ಸಲಕ್ಕೇ ನೇರ ಗೆರೆ. ಮೇಡಂ ಪಕ್ಕದಲ್ಲಿ 'ಗುಡ್' ಬರೆದಿದ್ದರು.
ಫಿಸಿಕ್ಸ್ ನನಗೆ ಕೊಟ್ಟ ಒಂದೇ ಒಂದು ಗುಡ್...
ಅದೂ ಕಾಪಿ ಹೊಡೆದದ್ದಲ್ಲ. ನನ್ನದೇ ರೀಡಿಂಗ್.
ಅದನ್ನೂ ತೆಗೆದುಕೊಂಡು ಹೋದೆಯಲ್ಲೋ...

ಮನೆಗೆ ಬಂದಾಗ ನನ್ನ ಮುಖ ನೋಡಿ ಅಮ್ಮ ಗಾಬರಿಯಾದರು.
"ಯಾರ್ ಹೋಗ್ಬುಟ್ರೋ?"
"ರೆಕಾರ್ಡಮ್ಮ."
"ಥೂ ನಿನ್ನ! ಇನ್ನೊಂದು ಬರ್ಕೊಂಡ್ರಾಯ್ತು ಬುಡು."
ಬರೆಯಬಹುದಮ್ಮ... ಹತ್ತು ಸೈನ್ ಯಾರು ಹಾಕುತ್ತಾರೆ?

ಅಷ್ಟರಲ್ಲಿ ನಾಗರಾಜನ ಫೋನ್. ನನ್ನ ಬ್ಯಾಚಿನವನು, ಕುಣಿಗಲ್‌ನವನು. ಅದೇ ಬಸ್ಸಿನಲ್ಲಿದ್ದ!
"ಲೋ, ನಿನ್ನ ರೆಕಾರ್ಡು ಕಿಟಕಿ ಪಕ್ಕ ಕೂತ್ಕೊಂಡು ಬಂತು ಕಣೋ."
"ಎತ್ಕೊಂಡ್ಯಾ?"
"ನಾನ್ಯಾಕೆ ಮುಟ್ಲಿ? ಒಬ್ರು ಅಜ್ಜ ಎತ್ತಿಡಕ್ಕೆ ಹೋದ್ರು. 'ಮುಟ್ಬೇಡಿ ತಾತ, ಅದು ಸರಿ ಇಲ್ಲ' ಅಂತ ನಾನೇ ತಡದೆ. ಆಮೇಲೆ ಯಾರೂ ಹತ್ರ ಹೋಗ್ಲಿಲ್ಲ."

ಜನ ನಿಂತೇ ಪ್ರಯಾಣ ಮಾಡಿದರಂತೆ. ರೆಕಾರ್ಡೇ, ನೀನೊಬ್ಬ ಆರಾಮಾಗಿ ಕೂತು...

ನಾಗರಾಜನ ತಪ್ಪಿಲ್ಲ ಸ್ನೇಹಿತರೇ.
ಕಾಪಿ ಮಾಡಲು ನನ್ನ ರೆಕಾರ್ಡ್ ಎತ್ತಿಕೊಳ್ಳುವವರ ಕಾಟ ತಡೆಯಲಾರದೆ ಹೋದ ತಿಂಗಳು ಅದರ ರಟ್ಟಿಗೆ ಯಾರೋ ಸ್ಟ್ಯಾಂಪ್ ಪ್ಯಾಡಿನ ಇಂಕ್ ಬಳಿದಿದ್ದರು. ಮೊದಲು ಸಿಕ್ಕವನು ನಾಗರಾಜ. ಅದೇ ಕೈಯಲ್ಲಿ ಮುಖ ಒರೆಸಿಕೊಂಡು ವೈವಾಗೆ ಹೋದ.
ಮೇಡಂ ಕೇಳಿದರು: "ಏನಪ್ಪಾ, ವೈಲೆಟ್ ಬಣ್ಣದ ಉತ್ತರ ಮುಖದ ಮೇಲೇ ಬರ್ಕೊಂಡ್ ಬಂದಿದೀಯಾ?"
ಅವನು ಬಂದು ಜಗಳ ಮಾಡಿದಾಗ "ಬೈಂಡಿಂಗ್ ಅಂಗಡಿಯವರ ಬಣ್ಣ ಬಿಟ್ಟಿರಬೇಕು ಕಣೋ" ಅಂತ ನಾನು ತುಂಬಾ ಗಂಭೀರವಾಗಿ ಸಮಾಧಾನ ಮಾಡಿದ್ದೆ...

ನಾಗರಾಜ ಹೇಳಿದ ಪ್ರಕಾರ, ಕುಣಿಗಲ್ ದಾಟಿದ ಬಸ್ಸು ಈಗ ಯಡಿಯೂರಿನಲ್ಲಿದೆ. ನೈಟ್ ಹಾಲ್ಟ್ ಅಲ್ಲೇ. ಬೆಳಗಾಗುವ ಮುಂಚೆ ಇನ್ನೆಲ್ಲಿಗೋ ಹೊರಡುತ್ತದೆ. ನಾನು ಗುಬ್ಬಿಯಿಂದ ಹೋಗಿ ಮುಟ್ಟುವಂತಿಲ್ಲ. ನಾಗರಾಜನ ಹತ್ತಿರ ಅವರಪ್ಪನ ಬೈಕ್ ಇದೆ.
ಫೋನಿನಲ್ಲೇ ಬೇಡಿಕೊಂಡೆ, ಕಾಲಿಗೆ ಬೀಳುವುದೊಂದು ಬಾಕಿ... ಕೊನೆಗೆ ಅವನೆಂದ:
"ಹೋಗ್ತೀನಿ. ಮೊದ್ಲು ಎಲ್ರ ಮುಂದೆ ನಿಜ ಒಪ್ಕೊಂಡು ಪೋಸ್ಟ್ ಹಾಕು. ಓದ್ತೀನಿ. ಆಮೇಲೆ ಬೈಕ್ ಸ್ಟಾರ್ಟ್ ಮಾಡ್ತೀನಿ."

ಆದ್ದರಿಂದ...
ಇಂಕ್ ಬಳಿದವನು ನಾನೇ.
ಬೈಂಡಿಂಗ್ ಅಂಗಡಿಯವರು ನಿರಪರಾಧಿ.
ಮೇಡಂ ಕೂಡ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾರೆ, ನಾಳೆ ಎಕ್ಸಾಮಿನರ್ ಅವರೇ... ಗೊತ್ತಿದ್ದೂ ಬರೆಯುತ್ತಿದ್ದೇನೆ.
ದಯವಿಟ್ಟು ಯಾರೂ ನಗುವ ಇಮೋಜಿ ಹಾಕಬೇಡಿ. ಹಾಕಿದರೆ ಅವನು ಇದನ್ನೂ ಆಟ ಅಂದುಕೊಳ್ಳುತ್ತಾನೆ.

ರೆಕಾರ್ಡೇ,
ಬೇರೆಯವರಿಗಾದರೆ ಇಲ್ಲಿ ಚಿರಶಾಂತಿ ಕೋರುತ್ತಿದ್ದೆ. ನಿನಗೆ ಅದು ಬೇಡ.
ನಾಳೆ ಬೆಳಿಗ್ಗೆ ಕುಣಿಗಲ್‌ನಿಂದ ತುಮಕೂರಿಗೆ ಬರುವ ಮೊದಲ ಬಸ್ಸಿನಲ್ಲಿ ನಾಗರಾಜನ ತೊಡೆಯ ಮೇಲೆ ನಿನಗೊಂದು ಜಾಗ ಸಿಗಲಿ...

ನಾಗರಾಜ,
ಒಣಗಿದೆ ಕಣೋ. ಏನೂ ಹಚ್ಚಿಲ್ಲ.
ಮುಟ್ಟಪ್ಪ...