ಕರೂರಿಗೆ ಎರಡು ‘ಓ’

ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ನೀರಾವರಿ ಕಚೇರಿಗೆ ಕರೂರಿನಿಂದ ಫೋನ್ ಬಂತು. “ಹೂಳು ತೆಗಿಯಾಕ ಇಪ್ಪತ್ತು ಮಂದಿ ಕಾಲುವಿಯಾಗ ಇಳಿದಾರ್ರೀ, ನೀರು ಬಿಡಬ್ಯಾಡ್ರಿ!” ಅಷ್ಟರಲ್ಲಿ ಲೈನ್ ಕಡಿಯಿತು.

ಹನ್ನೊಂದಕ್ಕೆ ಗೇಟುಗಳನ್ನು ಎತ್ತಬೇಕಿತ್ತು. ಆಗಲೇ ಹತ್ತೂ ಮುಕ್ಕಾಲು. ನಲವತ್ತು ಗೇಟಿಗೂ ಫೋನ್ ಮಾಡಲು ಹೊತ್ತಿರಲಿಲ್ಲ. ಎಂಬತ್ತರ ದಶಕದ ಕೊನೆ ಅದು. ಕಂಪ್ಯೂಟರ್ ಹೊಸದು, ಅದು ಕೊಟ್ಟ ಗೇಟು ನಂಬರುಗಳೂ ಹೊಸವು; ಫೋನ್ ಪಟ್ಟಿಯಲ್ಲೂ ಊರಿನ ಹೆಸರಿಲ್ಲ, ಆ ನಂಬರುಗಳೇ. ಕರೂರಿನದು ಯಾವ ನಂಬರು ಎಂಬುದು ಪ್ರೋಗ್ರಾಮಿನ ನೂರಾರು ಫೈಲುಗಳೊಳಗೆ ಎಲ್ಲೋ ಇತ್ತು. ಎಲ್ಲ ಫೈಲುಗಳನ್ನೂ ಒಮ್ಮೆಗೇ ಜಾಲಾಡುವ ‘ಗ್ರೆಪ್’ ಆಜ್ಞೆಗೆ KARUR ಎಂದು ಕೊಟ್ಟೆ. ಪರದೆಯ ಮೇಲೆ ಏನೂ ಬರಲಿಲ್ಲ. ಮತ್ತೆ ಕೊಟ್ಟೆ. ಆಗಲೂ ಇಲ್ಲ.

ಚಹಾ ತಂದ ಹಿರಿಯ ಅಟೆಂಡರ್ ಗಾದಿಲಿಂಗಪ್ಪ ಬಗ್ಗಿ ನೋಡಿದರು. “ಬಳ್ಳಾರಿ ಮದ್ರಾಸಿಗೆ ಸೇರಿದ್ದ ಕಾಲದ ಇಂಗ್ಲಿಷ್ ಕಾಗದದಾಗ ಕರೂರಿಗೆ ಎರಡು ‘ಓ’ ಬರೀತಿದ್ರು ನೋಡ್ರಿ, ಸರ.”

ಪ್ರೋಗ್ರಾಮ್ ಬರೆದವರು ಆ ಹಳೇ ಕಾಗದಗಳನ್ನೇ ನೋಡಿ ಬರೆದಿದ್ದರು! KAROOR ಎಂದು ಒತ್ತಿದೆ. ಒಂದೇ ಒಂದು ಸಾಲು ಬಂತು: ಗೇಟು ಹದಿನೇಳು.

ಹದಿನೇಳನೇ ಗೇಟಿನ ಕಾವಲಿನವನಿಗೆ ಫೋನ್ ಹಚ್ಚಿ, “ಎತ್ತಬೇಡ!” ಎಂದು ಕೂಗಿದೆ.

“ಈಗ ಹ್ಯಾಂಡ್ಲಿಗೆ ಕೈ ಹಾಕಿದ್ನಿರಿ,” ಎಂದ ಅವನು.

ಸಿಗದಿದ್ದರೆ ಆ ಯಂತ್ರ ‘ಇಲ್ಲ’ ಎನ್ನುವುದಿಲ್ಲ, ಸುಮ್ಮನಿರುತ್ತದೆ. ಈಗಲೂ ಯಾವ ಊರನ್ನು ಹುಡುಕಿದರೂ ಹೇಗೆ ಬರೆದಿದ್ದರೂ ಸಿಗಲೆಂದು ಹೆಸರಿನ ನಡುವಿನ ಅಕ್ಷರಗಳನ್ನು ಬಿಟ್ಟೇ ಹುಡುಕುತ್ತೇನೆ. ಪರದೆ ಖಾಲಿ ಉಳಿದರೆ, ಒಣ ಕಾಲುವೆಯಲ್ಲಿ ಬಗ್ಗಿ ನಿಂತ ಇಪ್ಪತ್ತು ಮಂದಿ ಕಾಣುತ್ತಾರೆ.