ಪೇಪರ್ ವೀರಗಲ್ಲಿಗೆ ಅರಿಶಿನ

ಊರಿಗಾಂನ ಹಳೆಯ ಚಿನ್ನದ ಗಣಿ ಕಂಪನಿಯ ಕಟ್ಟಡವೊಂದರಲ್ಲಿ ನಾವು ಕೆಲವು ಗೆಳೆಯರು ಕಲಾಪ್ರದರ್ಶನ ಇಟ್ಟಾಗ ಇದ್ದದ್ದು ಒಂದೇ ಷರತ್ತು: ಪ್ರತಿಯೊಬ್ಬರೂ ಸುತ್ತಮುತ್ತಲಿನ ಯಾವುದಾದರೂ ಹಳೆಯ ಕಲೆಗೆ ತಮ್ಮ ಕೆಲಸದಿಂದ ಉತ್ತರ ಕೊಡಬೇಕು. ನಾನು ಬಂಗಾರಪೇಟೆ ಆಚೆಯ ಹಳ್ಳಿಯೊಂದರ ಕೆರೆ ಏರಿಯ ಮೇಲಿರುವ ವೀರಗಲ್ಲನ್ನು ಹಿಡಿದೆ. ಕೆಳಗಿನ ಅಂತಸ್ತಿನಲ್ಲಿ ದನ ಉಳಿಸಲು ಹೊಡೆದಾಡಿ ಸಾಯುವ ವೀರ, ನಡುವೆ ಅವನನ್ನು ಎತ್ತಿಕೊಂಡು ಹಾರುವ ಅಪ್ಸರೆಯರು, ಮೇಲೆ ಕೈಲಾಸ. ಸಾವನ್ನೂ ಇಷ್ಟು ಸಡಗರದಿಂದ ಕೆತ್ತಿದವನ ಮೇಲೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು.

ನನ್ನ ವೀರ ನಮ್ಮ ತಾತ. ಕೋರಮಂಡಲ್ ಗಣಿಗೆ ಇಳಿದವರು ಬಂಡೆ ಕುಸಿದು ಅಲ್ಲೇ ಉಳಿದುಬಿಟ್ಟರು. ಮನೆಯಲ್ಲಿ ಅವರದೊಂದು ಫೋಟೊ ಕೂಡ ಇಲ್ಲ. ಅಜ್ಜಿ ಅವರ ಚಹರೆ ಹೇಳುತ್ತ ಹೋದಳು, ನಾನು ಮುಖ ಮೆತ್ತುತ್ತ ಹೋದೆ. ಆದರೆ ನೋಡಲು ಮಾತ್ರ ಅವಳು ಒಪ್ಪಲಿಲ್ಲ.

"ಎಲ್ಲಾ ಮುಗ್ದು ನಿಂತ ಮ್ಯಾಕೆ ನೋಡ್ತೀನಿ. ಅರ್ಧಂಬರ್ಧ ಮಕ ತೋರುಸ್ಬ್ಯಾಡ ನಂಗೆ."

ಯಾರು ಏನು ಹೊಗಳಲಿ ಬಿಡಲಿ, ಅಜ್ಜಿ ಗುರುತು ಹಿಡಿಯದಿದ್ದರೆ ನನ್ನ ಕೆಲಸವೆಲ್ಲ ದಂಡ.

ಕಲ್ಲು ಕೊಳ್ಳುವ ತಾಕತ್ತು ನನಗಿರಲಿಲ್ಲ. ನಮ್ಮ ಕಡೆ ಮೊರಕ್ಕೆ ಮೆತ್ತುತ್ತಾರಲ್ಲ, ಹಾಗೆ ಹಳೇ ಪೇಪರ್ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ಹಲಗೆಯ ಮೇಲೆ ಮೆತ್ತಿ, ಕಲ್ಲಿನ ಬಣ್ಣ ಬಳಿದೆ. ಕೆಳಗೆ ಡ್ರಿಲ್ ಹಿಡಿದ ತಾತ. ನಡುವೆ ಹೆಲ್ಮೆಟ್ ಹಾಕಿಕೊಂಡ ಅಪ್ಸರೆಯರು. ಮೇಲೆ ಕೈಲಾಸದಲ್ಲಿ ತಾತ ದೊಡ್ಡದಾಗಿ ಕೂತು ಟೀ ಕುಡಿಯುತ್ತಿದ್ದರೆ, ದೇವತೆಗಳು ತಮ್ಮ ಲೋಟ ಹಿಡಿದು ಸಾಲಿನಲ್ಲಿ ಕಾಯುತ್ತಿದ್ದಾರೆ.

ಪ್ರದರ್ಶನದ ದಿನ ಬೆಳಿಗ್ಗೆ ಅದನ್ನು ಕೆರೆ ಏರಿಗೆ ಒಯ್ದು, ಹಳೆಯ ಕಲ್ಲಿನ ಪಕ್ಕ ನಿಲ್ಲಿಸಿ ಫೋಟೊ ತೆಗೆದೆ. ಆಮೇಲೆ ಟೆಂಪೊ ಕರೆತರಲು ಹೋದೆ. ಅವತ್ತು ಶುಕ್ರವಾರ ಅನ್ನುವುದೇ ಮರೆತುಹೋಗಿತ್ತು. ವಾಪಸು ಬರುವಷ್ಟರಲ್ಲಿ ಊರ ಹೆಂಗಸರು ಎರಡೂ ಕಲ್ಲಿಗೆ ಭೇದವಿಲ್ಲದೆ ನೀರು ಹೊಯ್ದು ಅರಿಶಿನ ಬಳಿಯುತ್ತಿದ್ದರು.

"ನೀರು ಉಯ್ಬ್ಯಾಡಿ, ಅದು ಪೇಪರು!" ಎಂದು ಕಿರುಚುತ್ತ ಓಡಿದೆ.

"ದೇವ್ರನ್ನ ಪೇಪರು ಅಂತಾಳಲ್ಲೇ ಇವ್ಳು!" ಮುಂದೆ ನಿಂತಿದ್ದ, ಊರವರೆಲ್ಲ ದೊಡ್ಡಮ್ಮ ಅನ್ನುವ ಮುದುಕಿ ಕೆನ್ನೆ ಕೆನ್ನೆ ಬಡಿದುಕೊಂಡು, ನನ್ನ ತಪ್ಪಿಗೆಂದು ಇನ್ನೊಂದು ಚೆಂಬು ಹೊಯ್ದಳು. ಅಪ್ಸರೆಯರು ಬಸುರಿಯರ ಹಾಗೆ ಉಬ್ಬತೊಡಗಿದರು. ಅಳಬೇಕೋ ನಗಬೇಕೋ ತಿಳಿಯದೆ ನಾನು ಎರಡನ್ನೂ ಒಟ್ಟಿಗೇ ಮಾಡಿದೆ.

"ಯಾರಮ್ಮ ಈ ವೀರ?" ದೊಡ್ಡಮ್ಮ ಕೇಳಿದಳು.

"ನಮ್ ತಾತ. ಗಣೀಲಿ ಸತ್ತೋದ್ರು."

"ಅಲ್ಲೇನ್ ದನ ಕಾಯ್ತಿದ್ರಾ?"

"ಇಲ್ಲ, ಚಿನ್ನ ತಗೀತಿದ್ರು."

"ಯಾರ್ ಚಿನ್ನ?"

"ಕಂಪ್ನೀದು."

ದೊಡ್ಡಮ್ಮ ಹಳೆಯ ಕಲ್ಲಿನ ಕಡೆ ತಿರುಗಿದಳು. "ಇವನೇನ್ ಸ್ವಂತ ದನಕ್ಕೆ ಸತ್ನಾ? ಅವೂ ಯಾವನೋ ಗೌಡಂದೇ ಇರ್ತವೆ. ಇಬ್ರೂ ಒಂದೇ ಬುಡು."

ನಾನು ತಿಂಗಳುಗಟ್ಟಲೆ ತಿಣುಕಿ ಹೇಳಹೊರಟದ್ದು ಇಷ್ಟೇ ಆಗಿತ್ತು. ಖುಷಿಗೆ ಅವಳನ್ನು ತಬ್ಬಿಕೊಂಡೆ, ಬಟ್ಟೆಯೆಲ್ಲ ಅರಿಶಿನವಾಯಿತು.

ಪೂಜೆಯಾದ ದೇವರನ್ನು ಒಂಟಿಯಾಗಿ ಕಳಿಸುವುದಿಲ್ಲವೆಂದು ಹೆಂಗಸರೆಲ್ಲ ಟೆಂಪೊ ಹತ್ತಿದರು. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಸೋಬಾನೆ ಹಾಡುತ್ತ ಹೊರಟ ನಮಗೆ ಆಟೊಗಳು ದಾರಿ ಬಿಟ್ಟವು. ಹೂವಿನಂಗಡಿಯವನು ಒಂದು ಮೊಳ ಮಲ್ಲಿಗೆ ಎಸೆದು, ಇದು ಯಾವ ಸಾಮಿ ಎಂದು ತಮಿಳಿನಲ್ಲಿ ಕೇಳಿದ. "ಎಂಗ ತಾತಾ!" ನಮ್ಮ ತಾತ ಎಂದು ನಾನೂ ತಮಿಳಿನಲ್ಲೇ ಕೂಗಿದೆ. ಅವನು ಕಣ್ಣು ಮುಚ್ಚಿ ಕೈ ಮುಗಿದೇಬಿಟ್ಟ.

ಪ್ರದರ್ಶನದ ಹಾಲ್‌ನಲ್ಲಿ ದೊಡ್ಡಮ್ಮ ಎಲ್ಲರ ಚಪ್ಪಲಿ ಬಿಡಿಸಿದಳು. ಬೆಂಗಳೂರಿನಿಂದ ಬಂದಿದ್ದ ವಿಮರ್ಶಕರೊಬ್ಬರು ತೂತುಬಿದ್ದ ಕಾಲುಚೀಲದಲ್ಲಿ ನಿಂತು ಗಂಭೀರವಾಗಿ ತಲೆದೂಗುತ್ತಿದ್ದರೆ, ನನಗೆ ನಗು ತಡೆಯಲಾಗದೆ ಕಂಬದ ಹಿಂದೆ ಹೋಗಬೇಕಾಯಿತು.

ಅಷ್ಟರಲ್ಲಿ ಅಜ್ಜಿ ಬಂದಳು. ತಾತನ ಒಂದು ಕೆನ್ನೆ ಊದಿತ್ತು, ಹಣೆಯ ಬಣ್ಣ ಇಳಿದಿತ್ತು. ನನ್ನ ನಗು ಅಲ್ಲೇ ಸತ್ತಿತು.

"ಅಜ್ಜಿ, ನೀರು ಬಿದ್ದು ಮಕ ಕೆಟ್ಟೋಗೈತೆ..."

ಅವಳಿಗೆ ಕೇಳಿಸಲಿಲ್ಲ. ಹತ್ತಿರ ಹೋಗಿ ಕತ್ತೆತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಇಷ್ಟೊತ್ತಾ ಬರೋದು?" ಎಂದು ತಾತನ ಮುಖಕ್ಕೇ ಗದರಿದಳು. "ಮುದ್ದೆ ಆರೋಯ್ತು."